ಎಡಮಗ್ಗುಲಿನ ನಂಬರು

ಹಳೆಯ ಕಾರು ಕೊಳ್ಳಲಿದ್ದ ಹುಬ್ಬಳ್ಳಿಯ ಆ ಮನುಷ್ಯ ಫೋನಿನಲ್ಲಿ ಕೇಳಿದ್ದು ಒಂದೇ ಒಂದು ಪ್ರಶ್ನೆ. ಅಷ್ಟಕ್ಕೇ ಮೃತ್ಯುಂಜಯ ಮಾಸ್ತರರ ಭಾನುವಾರ ಮಣ್ಣುಪಾಲಾಯಿತು.

"ಗಾಡಿ ಎಂಜಿ ಕಂಪನೀದು ಅನ್ನೂದು ಫೋಟೋ ನೋಡಿದ್ರ ಗೊತ್ತಾಗತೈತ್ರಿ ಮಾಸ್ತರ. ಒಳಗಿನ ಎಂಜಿನ್ ಯಾವುದು?"

ಸವಣೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ತಲೆ ನರೆಸಿಕೊಂಡ ಮಾಸ್ತರರಿಗೆ ಎಂಜಿನ್ನಿನ ಬಗ್ಗೆ ಗೊತ್ತಿದ್ದದ್ದು ಅದು ಗಾಡಿಯ ಮುಂದಿನ ಭಾಗದಲ್ಲಿ ಇರುತ್ತದೆ ಎಂಬುದಷ್ಟೇ. ಅದನ್ನೂ ಯಾರೋ ಹೇಳಿದ್ದು.

"ಅದರದ ಇರಬೇಕ್ರಿ," ಎಂದರು.

"ಇರಬೇಕು ಅಂದ್ರ ನಡ್ಯಂಗಿಲ್ಲ. ಇಂಥಾ ಗಾಡಿಗೆ ಹಿಂದಕ ಜನಾ ಜೀಪಿನ ಎಂಜಿನ್ ಕುಂಡ್ರಸ್ಯಾರ, ನೀರೆತ್ತೋ ಎಂಜಿನ್ನೂ ಕುಂಡ್ರಸ್ಯಾರ. ಎಂಜಿನ್ನಿನ ಎಡಮಗ್ಗಲಕ್ಕ, ಕೆಳಗ, ಎಂಟು ಮೂಲಿದು ಒಂದು ಹಿತ್ತಾಳಿ ಬಿಲ್ಲಿ ಇರತೈತಿ. ಅದರ ಮ್ಯಾಲಿನ ನಂಬರು ಎಕ್ಸ್ ಪಿ ಎ ಜಿ ಅಂತ ಶುರು ಆಗಿತ್ತಂದ್ರ ಒಂದು ಫೋಟೋ ಹಾಕ್ರಿ, ಸಂಜಿಗೇ ಲಾರಿ, ಆಳು ತಗೊಂಡು ಬಂದು ಗಾಡಿ ಎತ್ತಿಸಿಕೊಂಡು ಹೋಗ್ತೇನಿ. ಇಲ್ಲಂದ್ರ ಬ್ಯಾಡ ಬಿಡ್ರಿ."

ಬಸವೇಶ ಎಂಬ ಆ ಮನುಷ್ಯ ಫೋನು ಇಟ್ಟ. ಎಕ್ಸ್ ಎಷ್ಟು ಎಂದು ಕಂಡುಹಿಡಿಯಿರಿ ಎಂದು ಊರಿನ ಮಕ್ಕಳನ್ನೆಲ್ಲ ಗೋಳುಹೊಯ್ದುಕೊಂಡಿದ್ದ ಮಾಸ್ತರರು ಈಗ ತಾವೇ ಎಕ್ಸ್ ಹುಡುಕಲು ಲುಂಗಿ ಎತ್ತಿ ಕಟ್ಟಿದರು.

ಗಾಡಿ ಅವರ ಅಜ್ಜ ಧಾರವಾಡದ ಯಾರೋ ಡಾಕ್ಟರರಿಂದ ತಂದದ್ದು. ಎರಡೇ ಸೀಟು, ಉದ್ದ ಮೂತಿ, ಮೇಲೆ ಬಟ್ಟೆಯ ಟಪ್ಪು. ಅಜ್ಜ ಹೋದ ಮೇಲೆ ಅದು ಹಿತ್ತಲಿನ ಕೊಟ್ಟಿಗೆ ಸೇರಿತು, ಕೋಳಿಗಳಿಗೆ ಬಂಗಲೆಯಾಯಿತು. ಹೋದ ವರ್ಷ ಕೊಟ್ಟಿಗೆಗೆ ಸಿಮೆಂಟು ಹಾಕಿಸಿದಾಗ ಗೌಂಡಿ ಗಾಡಿ ಸರಿಸುವ ತ್ರಾಸ ಯಾಕೆಂದು ಗಾಲಿಗಳ ಸುತ್ತಲೂ ಸಿಮೆಂಟು ಬಳಿದು ಹೋಗಿದ್ದ. ಅಂದಿನಿಂದ ಗುಜರಿಯವರು ಬಂದು ಗಾಲಿ ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಸಿಮೆಂಟು ಒಡೆದು ಗಾಡಿ ಎತ್ತಿ ಒಯ್ಯುವಷ್ಟು ಹುಚ್ಚು ಇದ್ದದ್ದು ಈ ಬಸವೇಶನಿಗೆ ಮಾತ್ರ.

ಆ ಹುಚ್ಚು ಇವತ್ತೇ ಬೇಕಾಗಿತ್ತು. ಮಾಸ್ತರರ ಹೆಂಡತಿ ಸುಧಾರಾಣಿ ಮನೆಯಲ್ಲೇ ಸೇವು, ಖಾರಾ ಕರಿದು ಮಾರುವುದೆಂದು ಗಟ್ಟಿ ಮಾಡಿಯಾಗಿತ್ತು. ಸವಣೂರಿನ ಖಾರಾಕ್ಕೆ ಗಿರಾಕಿಗಳ ಬರವಿಲ್ಲ. ಸೇವು ಒತ್ತುವ ಮಷೀನು, ದೊಡ್ಡ ಒಲೆ, ಕಡಾಯಿ ಎಲ್ಲವೂ ಮರುದಿನ ಬೆಳಗ್ಗೆ ಬಂದಿಳಿಯುವುದಿತ್ತು.

"ಇವತ್ತು ಹೊತ್ತು ಮುಳುಗೂದ್ರಾಗ ಕೊಟಗಿ ಖಾಲಿ ಆಗಬೇಕ್ರಿ," ಎಂದು ಆಕೆ ಹೇಳಿದ್ದಳು. "ಇಲ್ಲಂದ್ರ ಮಷೀನ್ ನಿಮ್ಮ ಖೋಲಿಗೆ ಬರತೈತಿ. ನಿಮ್ಮ ಮಂಚ, ಪುಸ್ತಕ ಎಲ್ಲಿ ಇಡಬೇಕೋ ನೀವ ನೋಡ್ಕೋರಿ."

ಆ ಖೋಲಿ ಎಂದರೆ ಮಾಸ್ತರರ ಜೀವ. ಇಡೀ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಜಾಗ ಅದೊಂದೇ. ಮಧ್ಯಾಹ್ನ ಅಲ್ಲಿ ಬೋರಲು ಬಿದ್ದರೆ ಅವರ ಪಾಲಿಗೆ ಜಗತ್ತೇ ಇರುತ್ತಿರಲಿಲ್ಲ.

ಎಡಮಗ್ಗುಲಂತೆ. ಆ ಎಡಮಗ್ಗುಲೇ ಗೋಡೆಗೆ ಅಂಟಿಕೊಂಡಿತ್ತು. ನಡುವೆ ಒಂದು ಬೆಕ್ಕು ಮೈ ಹಿಂಡಿಕೊಂಡು ಹೋಗುವಷ್ಟು ಸಂದಿ. ಮಾಸ್ತರರು ಫೋನನ್ನು ಕೋಲಿಗೆ ಕಟ್ಟಿ ಆ ಸಂದಿಯಲ್ಲಿ ಇಳಿಸಿ ಫೋಟೋ ಹೊಡೆದರು. ಮೊದಲನೆಯದರಲ್ಲಿ ಗೋಡೆ ಬಂತು, ಎರಡನೆಯದರಲ್ಲಿ ಕೋಳಿ ಬಂತು. ಮೂರನೆಯದರಲ್ಲಿ ಎಂಜಿನ್ ಬಂತು, ಆದರೆ ಅದರ ಮೈಮೇಲೆ ಬೂದು ಬಣ್ಣದ ಗಟ್ಟಿ ಹಕ್ಕಳೆ. ನಂಬರೂ ಇಲ್ಲ, ಬಿಲ್ಲೆಯೂ ಇಲ್ಲ.

ಅದು ತಾಯಿ ಸಿದ್ದವ್ವನ ಕೈವಾಡ. ಗಾಡಿ ಓಡುವುದು ನಿಂತರೂ ಅದಕ್ಕೆ ನವರಾತ್ರಿಯ ಖಂಡೇಪೂಜೆ ನಿಂತಿರಲಿಲ್ಲ. ಪ್ರತಿ ವರ್ಷ ಮುದುಕಿ ಬಲಗಡೆಯಿಂದ ಮುಚ್ಚಳ ಎತ್ತಿ, ಕಲಸಿದ ವಿಭೂತಿಯನ್ನು ಎಂಜಿನ್ನಿನ ನೆತ್ತಿಗೆ ಸುರಿದು, ಮೇಲೆ ಕುಂಕುಮ ಚೆಲ್ಲಿ, ಎಣ್ಣೆ ಬಿಡುತ್ತಿದ್ದಳು. ಅದೆಲ್ಲ ಹರಿದು ಎಡಕ್ಕೆ ಇಳಿದು ಕಲ್ಲಾಗಿತ್ತು.

ಮಾಸ್ತರರು ಒಂದು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ್ದೇ ತಡ, ಹಿಂದೆ ಸಿದ್ದವ್ವ ನಿಂತಿದ್ದಳು.

"ಏನ್ ಕೆರ್ಯಾಕತ್ತೀಯೋ ತಮ್ಮಾ?"

"ನಂಬರ್ ನೋಡಬೇಕವ್ವಾ."

"ನಂಬರ್ ನೋಡಾಕ ದೇವರ ವಿಭೂತಿ ಕೆರೀತಿ? ನಾಳೆ ನನ್ನ ಹಣಿಮ್ಯಾಲಿಂದೂ ಕೆರೀತಿ. ಕಬ್ಬಣ ಮುಟ್ಟಿಸಿದಿ ಅಂದ್ರ ನಾ ಇಲ್ಲೇ ಕುಂತು ಬಿಡಾಕಿ."

ಅಷ್ಟು ಹೇಳಿ ಗಾಡಿಯ ಮುಂದೆ ಕುಳಿತೇಬಿಟ್ಟಳು. ಆಕೆಯ ದನಿ ಓಣಿಯ ಆ ತುದಿಗೂ ಮುಟ್ಟುವಂಥದು. ಮೊದಲು ಎದುರು ಮನೆಯ ಉಳವಪ್ಪ ಬಂದ. ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು, ಕೆಲಸವಿಲ್ಲದೆ ಕಾಲು ತುರಿಸುತ್ತಿದ್ದವನು. ಅವನ ಬೆನ್ನಿಗೇ ಎಲೆಬಳ್ಳಿ ತೋಟದ ಬಿಲಾಲ ಬಂದ. ವಿಷಯ ಕೇಳಿ ಇಬ್ಬರೂ ಗಾಡಿಯೊಳಗೆ ಒಮ್ಮೆ ಇಣುಕಿದರು.

"ಇದು ಜೀಪಿನ ಎಂಜಿನ್," ಎಂದ ಉಳವಪ್ಪ.

"ಯಾರು ಹೇಳ್ಯಾರ?" ಎಂದ ಬಿಲಾಲ. "ಇದು ನೀರಿನ ಎಂಜಿನ್. ಮಾಸ್ತರ ಅಜ್ಜಾರು ಗಾಡಿ ಎಂಜಿನ್ ಬಿಚ್ಚಿ ತೋಟಕ್ಕ ನೀರು ಎತ್ತಾಕ ಹಾಕಿದ್ರು, ತೋಟದ್ದು ತಂದು ಗಾಡಿಗೆ ಹಾಕಿದ್ರು. ನಮ್ಮಪ್ಪ ಕಣ್ಣಿಲೆ ಕಂಡಾನ."

"ನಿಮ್ಮಪ್ಪಗ ಹಗಲು ಹೊತ್ತಿನ್ಯಾಗ ಎಮ್ಮಿ ಕಾಣತಿದ್ದಿಲ್ಲ. ನಾ ಆವಾಜ್ ಕೇಳಿ ಎಂಜಿನ್ ಹೇಳಾಂವ. ಮಾಸ್ತರ, ಚಾಲೂ ಮಾಡ್ರಿ."

"ಚಾಲೂ ಆಗಿದ್ರ ನಾ ಯಾಕ ಇಲ್ಲಿ ಇರ್ತಿದ್ದೆ ಉಳವಪ್ಪಣ್ಣ? ಹತ್ತಿಕೊಂಡು ಎಲ್ಲಿಯರ ಹೋಗ್ತಿದ್ದೆ," ಎಂದರು ಮಾಸ್ತರರು.

ಉಳವಪ್ಪ ಅಷ್ಟಕ್ಕೆ ಬಿಡುವವನಲ್ಲ. ಗಾಡಿ ಓಡುತ್ತಿದ್ದಾಗ ಅದರ ಸದ್ದು ಕೇಳಿದವರು ಈಗ ಯಾರಿದ್ದಾರೆ? ಸಿದ್ದವ್ವ ಇದ್ದಾಳೆ. ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ಅವ್ವಾರ, ಹೆಂಗ ಒದರತಿತ್ತು, ಸ್ವಲ್ಪ ಹೇಳ್ರಿ," ಎಂದ. ಸಿದ್ದವ್ವ ಕಣ್ಣು ಮುಚ್ಚಿ, ಸೆರಗು ಸರಿಮಾಡಿಕೊಂಡು, "ಗುರ್ರ್ ಟಪ್, ಗುರ್ರ್ ಟಪ್," ಎಂದಳು.

"ಕೇಳಿದ್ರ್ಯಾ? ಅಪ್ಪಟ ಜೀಪು."

"ಟಪ್ ಅಂದ್ರಲ್ಲೋ. ಜೀಪು ಎಲ್ಲಿ ಟಪ್ ಅಂತೈತಿ? ಅವ್ವಾರ, ಇನ್ನೊಮ್ಮೆ ಅನ್ರಿ," ಎಂದ ಬಿಲಾಲ.

ಮುದುಕಿಗೆ ಹುರುಪು ಬಂತು. ಗಾಡಿ ದಿಬ್ಬ ಹತ್ತುವಾಗ ಹೇಗೆ, ಇಳಿಯುವಾಗ ಹೇಗೆ, ಮಾವನವರು ಸಿಟ್ಟಿನಲ್ಲಿ ನಡೆಸಿದರೆ ಹೇಗೆ, ಎಲ್ಲವನ್ನೂ ಮಾಡಿ ತೋರಿಸಿದಳು. ಉಳವಪ್ಪ ಅದಕ್ಕೆ ತಕ್ಕಂತೆ ಕೈಯಲ್ಲಿ ಗೇರು ಹಾಕುತ್ತ ಹೋದ. ಬಿಲಾಲ ತಾನೂ ತೋಟದ ಎಂಜಿನ್ನಿನ ಸದ್ದು ಮಾಡಿದ. ಮೂವರೂ ಸೇರಿ ಕೊಟ್ಟಿಗೆಯಲ್ಲಿ ಅಷ್ಟು ಸದ್ದು ಮಾಡಿದರೂ ಗಾಡಿ ಮಾತ್ರ ಸುಮ್ಮನೆ ನಿಂತಿತ್ತು. ಸುಧಾರಾಣಿ ಬಂದು ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಮಾಸ್ತರರ ಖೋಲಿಯನ್ನು ಅಳೆಯಲು ಶುರುಮಾಡಿದಳು.

ಅದನ್ನು ಕಂಡ ಮಾಸ್ತರರು ಕೈ ಮುಗಿದರು. "ನಿಮ್ಮ ಕಾಲಿಗೆ ಬೀಳ್ತೇನಿ, ಯಾವ ಎಂಜಿನ್ನರ ಇರ್ಲಿ, ನನಗ ನಂಬರ್ ಬೇಕು," ಎಂದರು.

"ಹಂಗಾರ ದ್ಯಾಮಪ್ಪನ್ನ ಕರೀಬೇಕು," ಎಂದ ಬಿಲಾಲ. ಅಲ್ಲಿಯವರೆಗೆ ಒಂದೂ ಮಾತಿಗೆ ಒಪ್ಪದ ಉಳವಪ್ಪ ಇದಕ್ಕೆ ಮಾತ್ರ ಒಪ್ಪಿದ.

ದ್ಯಾಮಪ್ಪ ಬೋರವೆಲ್ಲಿನ ಮೋಟರು ಎತ್ತುವವನು. ಅವನ ಕಸುಬಿಗೆ ಇದ್ದದ್ದು ಒಂದೇ ಸೂತ್ರ. ನೀರು ಬರಲಿಲ್ಲವೇ, ಎತ್ತು. ನೀರು ಕಡಿಮೆ ಬಂತೇ, ಎತ್ತು. ನೀರು ಚೆನ್ನಾಗಿಯೇ ಬರುತ್ತಿದ್ದರೂ ಸುಮ್ಮನೆ ಒಮ್ಮೆ ಎತ್ತಿ ನೋಡಿದರೆ ಒಳ್ಳೆಯದು ಎನ್ನುವವನು. ಮೂರು ಕಾಲಿನ ಕಬ್ಬಿಣದ ತಿಪಾಯಿ, ಸರಪಳಿ, ರಾಟೆ ಹೊತ್ತುಕೊಂಡೇ ಬಂದ. ಬಂದವನು ಗಾಡಿಯನ್ನು ಸರಿಯಾಗಿ ನೋಡಲೂ ಇಲ್ಲ.

"ಎತ್ತಬೇಕ್ರಿ ಮಾಸ್ತರ."

"ಎಂಜಿನ್ ಎತ್ತೂದು ಬ್ಯಾಡೋ ಮಾರಾಯಾ. ಬರೇ ನಂಬರ್ ನೋಡೂದೈತಿ."

"ಎತ್ತದ ಹೆಂಗ ನೋಡ್ತೀರಿ? ಭೂಮಿ ಒಳಗಿನ ಮೋಟರ್ ನಂಬರ್ ಯಾರರ ಮ್ಯಾಲೆ ನಿಂತು ಓದ್ಯಾರೇನು?"

ಅಷ್ಟರಲ್ಲಿ ಉಳವಪ್ಪ ನಟ್ಟು ಬಿಚ್ಚುವ ಪಾನಾ ತಂದಾಗಿತ್ತು, ಬಿಲಾಲ ಮುಚ್ಚಳ ಕಳಚಿಯಾಗಿತ್ತು. ಕಬ್ಬಿಣ ಮುಟ್ಟಿಸಬಾರದು ಎಂದಿದ್ದ ಸಿದ್ದವ್ವನೂ, "ವಿಭೂತಿ ಕೆರೆಯಾಕತ್ತಿಲ್ಲಲ್ಲ, ದೇವರ ಸಮೇತ ಎತ್ತಾಕತ್ಯಾರ. ಎತ್ಲಿ ಬಿಡು," ಎಂದುಬಿಟ್ಟಳು. ಬಿಚ್ಚಲು ಬಂದದ್ದನ್ನು ಬಿಚ್ಚಿದರು, ಬರದಿದ್ದದ್ದನ್ನು ಹೆಕ್ಸಾ ಗರಗಸದಿಂದ ಕೊಯ್ದರು. ಮಾಸ್ತರರು ಒಂದೊಂದು ನಟ್ಟು ಬಿದ್ದಾಗಲೂ ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕಡೆಗೆ ಜೇಬು ಹರಿಯಿತು.

ಮೂರು ಗಂಟೆಯ ಬಿಸಿಲಿಗೆ ಎಂಜಿನ್ ಸರಪಳಿಯಲ್ಲಿ ತೂಗಾಡುತ್ತ ಹೊರಗೆ ಬಂದು, ಅಂಗಳದಲ್ಲಿ ಹಾಸಿದ ಗೋಣಿಚೀಲದ ಮೇಲೆ ಕುಳಿತಿತು. ಮೂಲಸ್ಥಾನ ಬಿಟ್ಟು ಬಂದ ಮೇಲೆ ಮಡಿ ಹೋಯಿತು, ಇನ್ನು ತೊಳೆಯಬಹುದು ಎಂದು ಸಿದ್ದವ್ವ ಅಪ್ಪಣೆ ಕೊಟ್ಟಳು. ಬಿಸಿನೀರು ಸುರಿದರು, ಚಿಮಣಿ ಎಣ್ಣೆ ಹಾಕಿ ತಿಕ್ಕಿದರು. ಅಂಗಳವೆಲ್ಲ ಕೆಂಪು ನೀರಾಯಿತು. ಪದರ ಪದರವಾಗಿ ಎಲ್ಲ ಕಳಚಿ ಬಿದ್ದ ಮೇಲೆ ಕೆಳಗಡೆ ಎಂಟು ಮೂಲೆಯ ಒಂದು ಹಿತ್ತಾಳೆ ಬಿಲ್ಲೆ ಮಿಣಕ್ ಎಂದಿತು. ಮಾಸ್ತರರು ಮೊಣಕಾಲೂರಿ ಓದಿದರು. ಎಕ್ಸ್. ಪಿ. ಎ. ಜಿ.

ಬಿಲ್ಲೆಯನ್ನು ಲುಂಗಿಯ ತುದಿಯಿಂದ ಒರೆಸಿ, ಫೋಟೋ ಹೊಡೆದು ಹುಬ್ಬಳ್ಳಿಗೆ ಕಳಿಸಿದರು. ಅವರಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಖೋಲಿ ಉಳಿಯಿತು.

"ನಾ ಅಂದಿದ್ದಿಲ್ಲೇನು, ಒಂದೊಂದು ಜೀಪಿಗೂ ಎಕ್ಸ್ ಅಂತ ಹಾಕತಿದ್ರು," ಎಂದ ಉಳವಪ್ಪ. ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ.

ಫೋಟೋ ಮುಟ್ಟಿದ್ದೇ ತಡ, ಹೊತ್ತು ಇಳಿಯುವಷ್ಟರಲ್ಲಿ ಹುಬ್ಬಳ್ಳಿಯ ಲಾರಿ ಓಣಿಗೆ ಬಂತು. ಬಸವೇಶ ದಪ್ಪ ಮೀಸೆಯ, ನಗುಮುಖದ ಆಸಾಮಿ. ಅವನ ಹಿಂದೆ ನಾಲ್ಕು ಜನ ಗಟ್ಟಿ ಆಳುಗಳು, ಸಿಮೆಂಟು ಒಡೆಯಲು ಹಾರೆ, ಸುತ್ತಿಗೆ. ಮಾಸ್ತರರು ಕೊಟ್ಟಿಗೆಯ ಕಡೆ ಕೈ ತೋರಿಸಿ, "ಬರ್ರಿ, ಗಾಡಿ ಇಲ್ಲೈತಿ," ಎಂದರು. ಬಸವೇಶ ಅತ್ತ ತಿರುಗಲೇ ಇಲ್ಲ. ಅಂಗಳದಲ್ಲಿ ತೊಳೆದು ಇಟ್ಟಿದ್ದ ಎಂಜಿನ್ನಿನ ಮುಂದೆ ಬಗ್ಗಿ, ಬಿಲ್ಲೆ ಸವರಿ, ಎದ್ದು ನಿಂತು ಮಾಸ್ತರರ ಎರಡೂ ಕೈ ಹಿಡಿದುಕೊಂಡ.

"ಮಾಸ್ತರ, ನಿಮ್ಮಂಥಾ ಮನಶ್ಯಾನ್ನ ನಾ ನೋಡಿಲ್ಲ. ಇಳಿಸಿ, ತೊಳದು ಇಟ್ಟೀರಲ್ರಿ."

"ನಂಬರ್ ಕಾಣವಲ್ದಾಗಿತ್ತು, ಅದಕ್ಕ..."

"ಭಾಳ ಉಪಕಾರ ಆತು. ನನ್ನ ಮನ್ಯಾಗ ಇಂಥಾದ ಒಂದು ಗಾಡಿ ಐತ್ರಿ, ಮೈ ಎಲ್ಲಾ ಬಂಗಾರದಂಗ ಐತಿ, ಎಂಜಿನ್ ಅಷ್ಟ ಒಡದೈತಿ. ಈ ಊರಾಗ ಎಂಜಿನ್ ಇಳಸೋರು ಸಿಗ್ತಾರೋ ಇಲ್ಲೋ ಅಂತ ಇಡೀ ಗಾಡಿನ ಹೊತಗೊಂಡು ಹೋಗೂ ವಿಚಾರ ಮಾಡಿದ್ದೆ. ಇನ್ನ ಸಿಮೆಂಟ್ ಒಡ್ಯೂ ತ್ರಾಸೂ ಇಲ್ಲ."

ಮಾಸ್ತರರು ಅವನ ಕೈ ಬಿಡಲಿಲ್ಲ. "ಗಾಡೀನೂ ಒಯ್ರಿ. ಪುಕ್ಕಟೆ ಒಯ್ರಿ."

"ಎರಡನೇ ಗಾಡಿ ಒಯ್ದೆ ಅಂದ್ರ ನನ್ನ ಹೆಣ್ತಿ ನನ್ನ ಹೊರಗ ಹಾಕ್ತಾಳ್ರಿ," ಎಂದ ಬಸವೇಶ. "ಬರೇ ಎಂಜಿನ್ ಕೊಡಾಕ ಮನಸಿಲ್ಲಂದ್ರ ಬಿಡ್ರಿ, ತಿರಗಿ ಕುಂಡ್ರಸ್ರಿ. ಹಂಗಾರ ಹೆಣ್ತಿ ಕಡೆ ಬೈಸಿಕೊಂಡ್ರೂ ಗಾಡಿ ಸಮೇತ ಎತಗೊಂಡು ಹೋಗ್ತೇನಿ, ಮಾತು ಕೊಟ್ಟೇನಲ್ಲ."

ಮಾಸ್ತರರು ಆಸೆಯಿಂದ ದ್ಯಾಮಪ್ಪನತ್ತ ತಿರುಗಿದರು. ದ್ಯಾಮಪ್ಪ ಸರಪಳಿ ಸುತ್ತುತ್ತಿದ್ದ.

"ಎತ್ತೂದು ಅಷ್ಟ ನನ್ನ ಕೆಲಸ. ಕುಂಡ್ರಸೂದು ಫಿಟರ್ ಕೆಲಸರಿ. ಮತ್ತ ನಾವು ಕೊಯ್ದದ್ದನ್ನ ಅಂವರ ಹೆಂಗ ಕೂಡಸ್ತಾನ?"

ಆಮೇಲೆ ಎಲ್ಲವೂ ಬಹಳ ಬೇಗ ಆಯಿತು. ನಾಲ್ಕು ಆಳುಗಳು, ಉಳವಪ್ಪ, ಬಿಲಾಲ ಸೇರಿ ಎಂಜಿನ್ನನ್ನು ಲಾರಿಗೆ ಏರಿಸಿದರು. ಸಿದ್ದವ್ವ ಅದಕ್ಕೆ ಹೊಸದಾಗಿ ವಿಭೂತಿ ಬಳಿದು, ಕಾಯಿ ಒಡೆದು, ಮಗಳನ್ನು ಗಂಡನ ಮನೆಗೆ ಕಳಿಸಿದಂತೆ ಕಣ್ಣೊರೆಸಿಕೊಂಡಳು. ಬಸವೇಶ ಕೊಟ್ಟದ್ದು ನೇರ ಸುಧಾರಾಣಿಯ ಕೈ ಸೇರಿತು. ಲಾರಿ ಓಣಿ ದಾಟಿತು. ಕೊಟ್ಟಿಗೆಯಲ್ಲಿ ಗಾಡಿ ಸಿಮೆಂಟಿನೊಳಗೆ ಕಾಲೂರಿ, ಹೊಟ್ಟೆ ಬರಿದು ಮಾಡಿಕೊಂಡು, ಬಾಯಿ ತೆರೆದು ನಿಂತಿತ್ತು.

ಹೊತ್ತು ಮುಳುಗಿತು. ಸುಧಾರಾಣಿ ಸೆರಗು ಸಿಕ್ಕಿಸಿಕೊಂಡು ಹೊರಬಂದಳು.

"ದ್ಯಾಮಪ್ಪಣ್ಣ, ಹೆಂಗೂ ಮಂದಿ ಅದೀರಿ. ಖೋಲ್ಯಾಗಿನ ಮಂಚ ಒಂದು ಎತ್ತಿ ಹೊರಗ ಇಡ್ರಿ."

ಎತ್ತುವುದು ಎಂಬ ಮಾತು ಕೇಳಿದ್ದೇ ದ್ಯಾಮಪ್ಪನ ಮುಖ ಅರಳಿತು. ತಿಪಾಯಿ ಹೊತ್ತುಕೊಂಡೇ ಒಳಗೆ ನಡೆದ. ಬಾಗಿಲಲ್ಲಿ ನಿಂತು, "ಮತ್ತ ಮಾಸ್ತರ ಎಲ್ಲಿ ಮಲಗ್ತಾರಕ್ಕಾ?" ಎಂದು ಕೇಳಿದ.

"ಕೊಟಗ್ಯಾಗ ಗಾಡಿ ಐತೆಲ್ಲ," ಎಂದಳು ಸುಧಾರಾಣಿ. "ಒಂದು ಸೀಟಿನ್ಯಾಗ ಅವರು, ಇನ್ನೊಂದು ಸೀಟಿನ್ಯಾಗ ಅವರ ಪುಸ್ತಕ. ಎಂಜಿನ್ ತಗದದ್ದು ಛಲೋನ ಆತು, ಕಾಲು ಚಾಚಾಕ ಜಾಗ ಆತು."