ಸದ್ದು ಬಾರದ ಇಂಟರ್ನೆಟ್ಟು

ಕಿಬ್ಬನಹಳ್ಳಿ ಸೀಮೆಯ ಶ್ರೀ ಗರಿಬಸವೇಶ್ವರ ಕೊಬ್ಬರಿ ಬೆಳೆಗಾರರ ಸಂಘದಲ್ಲಿ ಇಂದಿಗೂ ಡಯಲ್‌ಅಪ್ ಮೋಡೆಮ್ಮೇ ಚಾಲ್ತಿಯಲ್ಲಿದೆ. ಫೈಬರ್ ಬಂದಿಲ್ಲವೆಂದಲ್ಲ. ದೇವರ ದಯೆಯಿಂದ ಅದೂ ಬಂದು ಅಟ್ಟದ ಮೇಲೆ ಕೂತಿದೆ.

ಬೆಂಬಲ ಬೆಲೆಗೆ ನೋಂದಾಯಿಸುವ ಕೊನೆಯ ದಿನ, ಬೆಳೆಗಾರ್ತಿ ಕಲ್ಲಮ್ಮ ವಿಭೂತಿ ಧರಿಸಿ ಬೆಳಗ್ಗೆಯೇ ಬಂದು ಕೂತಿದ್ದಳು. ಇವತ್ತು ಹೆಸರು ಹತ್ತದಿದ್ದರೆ, ವರ್ಷವಿಡೀ ಅಟ್ಟದಲ್ಲಿ ಕಾಪಾಡಿದ ಕೊಬ್ಬರಿಯನ್ನು ವರ್ತಕರು ಕೇಳಿದ ರೇಟಿಗೇ ಕೊಡಬೇಕು. ಮೋಡೆಮ್ ಕಿರ್ರ್, ಗುಂಯ್ ಎಂದಿತು. ಆಕೆ ಕೈಮುಗಿದಳು. ಪುಟ ಅರ್ಧ ತೆರೆಯುವಷ್ಟರಲ್ಲಿ, ಸಂಘದ ನಿರ್ದೇಶಕರೂ ಕೊಬ್ಬರಿ ವರ್ತಕರೂ ಆದ ಬೆಟ್ಟಸ್ವಾಮಿಯವರು ಪಕ್ಕದ ತಮ್ಮ ಮಂಡಿಯಲ್ಲಿ ಅದೇ ಲೈನಿನ ಫೋನೆತ್ತಿ "ಆಯ್ತಾ?" ಎಂದು ವಿಚಾರಿಸಿದರು. ಲೈನ್ ಕಡಿಯಿತು. ಅಷ್ಟು ಕಾಳಜಿ ಅವರಿಗೆ.

ಮೂರು ಸಲ ಹೀಗಾದ ಮೇಲೆ ಕಂಪ್ಯೂಟರ್ ನೋಡಿಕೊಳ್ಳುವ ಸೌಮ್ಯ ಹೊಸ ಫೈಬರ್ ಪೆಟ್ಟಿಗೆ ತಂದಿಟ್ಟಳು. "ಇದ್ರಲ್ಲಿ ಚಿಟಿಕೆ ಹೊಡೆಯೋಷ್ಟರಲ್ಲಿ ಆಗೋಯ್ತದೆ ಕಣ್ರೀ ಕಲ್ಲಮ್ಮಾರೇ."

ನಿಯಮದಂತೆ ಹೊಸ ಸಾಮಾನನ್ನು ನಿರ್ದೇಶಕರು ಪರೀಕ್ಷಿಸತಕ್ಕದ್ದು. ಬೆಟ್ಟಸ್ವಾಮಿಯವರು ಬಂದು ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಕುಲುಕಿದರು, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಈ ಸೀಮೆಯವರು ಕಾಯಿ ಕುಲುಕುವ ಹಾಗೆಯೇ.

"ಸದ್ದೇ ಇಲ್ಲ. ಇನ್ನೂ ಹಸಿ."

"ಫೈಬರ್ ಸದ್ದು ಮಾಡಲ್ಲ ಸಾರ್!" ಎಂದಳು ಸೌಮ್ಯ.

"ಒಣಗಿದ್ರೆ ತಾನೇ ಮಾಡೋದು? ಕಲ್ಲಮ್ಮ, ನೀನೇ ನೋಡು. ನಿನ್ನಂಥ ಕಿವಿ ಈ ಸೀಮೇಲಿ ಇನ್ಯಾರಿಗೈತೆ?"

ಕಲ್ಲಮ್ಮ ಬಲಗಿವಿಗೆ ಹಿಡಿದು ಕುಲುಕಿದಳು, ಎಡಗಿವಿಗೆ ಹಿಡಿದು ಕುಲುಕಿದಳು. ತನ್ನ ಲಾಭಕ್ಕೆಂದು ಸುಳ್ಳಾಡಿದರೆ ಶಿವ ಮೆಚ್ಚುವನೇ?

"ಹಸೀನೇ ಕಣಮ್ಮ ಸೌಮ್ಯ. ಈಗ್ಲೇ ಒಡುದ್ರೆ ಕೆಟ್ಟೋಯ್ತದೆ, ಬುಡು."

ಕೂಡಲೇ ಪ್ರಕಟಣೆ ಅಂಟಿಸಲಾಯಿತು: "ಸದ್ದು ಬಾರದ ಇಂಟರ್ನೆಟ್ಟನ್ನು ಅವಧಿಗೆ ಮುನ್ನ ಬಳಸತಕ್ಕದ್ದಲ್ಲ. ಸದರಿ ಪೆಟ್ಟಿಗೆಯನ್ನು ಅಟ್ಟದಲ್ಲಿ ಹದವಾಗಿ ಹೊಗೆ ತಾಗುವಂತೆ ಇಡತಕ್ಕದ್ದು."

ಮೋಡೆಮ್ ಮತ್ತೆ ಮೊರೆಯಿತು. "ನೋಡಿ, ಎಂಥ ಬಲಿತ ಸದ್ದು!" ಎಂದು ಸರದಿಯಲ್ಲಿದ್ದವರೆಲ್ಲ ತಲೆದೂಗಿದರು. ಸಂಜೆಗೆ ಪುಟ ಪೂರ್ತಿ ತೆರೆಯಿತು. "ನೋಂದಣಿ ಮುಕ್ತಾಯವಾಗಿದೆ" ಎಂದಿತ್ತು.

ಕಲ್ಲಮ್ಮನ ಕೊಬ್ಬರಿ ಬೆಟ್ಟಸ್ವಾಮಿಯವರ ಲಾರಿ ಏರಿತು, ಅವರ ರೇಟಿಗೇ.

"ಮೋಸ ಹೋದ್ರಲ್ಲ ಕಲ್ಲಮ್ಮಾರೇ!" ಎಂದಳು ಸೌಮ್ಯ.

"ಮೋಸ ಯಾಕಮ್ಮ? ಪುಣ್ಯಾತ್ಮ, ಹೊತ್ತಿಗೆ ಲಾರಿ ತಂದವ್ನೆ."

ತಿಂಗಳ ಕೊನೆಗೆ ಫೈಬರ್ ಕಂಪನಿಯ ಇಂಜಿನಿಯರ್ ಬಂದು, ಸಂಪರ್ಕ ಯಾಕೆ ಬಳಸುತ್ತಿಲ್ಲ ಎಂದು ಕೇಳಿದರು. ಸೌಮ್ಯ ನಿಟ್ಟುಸಿರು ಬಿಟ್ಟು, "ಇನ್ನೊಂದು ಬೇಸಿಗೆ ಕಳೀಲಿ ಸಾರ್" ಎಂದಳು.

ಅವರೂ ಕೊಬ್ಬರಿ ಬೆಳೆಯುವ ತುರುವೇಕೆರೆ ಕಡೆಯವರೇ. ಸರಿಯೆಂದು ಒಪ್ಪಿ, ಸಹಿ ಹಾಕಿ ಹೋದರು.