ರೆಪ್ಪೆ ಎಳೆದು ನೋಡುವ ಕೋಚ್

ಇದನ್ನು ಬರೆಯುತ್ತೇನೆ, ಬರೆಯುತ್ತೇನೆ ಎಂದು ಮುಂದೂಡುತ್ತಲೇ ಬಂದೆ. ಮಗಳ ಮದುವೆ ಕಳೆಯಲಿ ಎಂದೆ. ಆಮೇಲೆ ಕುವೈತಿನಿಂದ ಊರಿಗೆ ಮರಳಿದ ಮೇಲೆ ಎಂದೆ. ಮರಳಿದ ಮೇಲೆ ಕಣ್ಣಿನ ಪೊರೆ ತೆಗೆಸಬೇಕಿತ್ತು! ಈಗ ಪೊರೆಯೂ ಹೋಯಿತು, ನೆಪವೂ ಮುಗಿಯಿತು. ಎಸ್ಸೆಸ್ಸೆಲ್ಸಿ ಪಾಸಾದವನ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಕೋಚ್‌ನಂಥ ಹುಚ್ಚು ಮನುಷ್ಯನನ್ನು ನಾನು ಎರಡು ದೇಶಗಳಲ್ಲಿ ಎಲ್ಲೂ ಕಂಡಿಲ್ಲ. ಮಂಗಳೂರಿನ ಕಾಲೇಜೊಂದರಲ್ಲಿ ಫುಟ್‌ಬಾಲ್ ಆಡಿ ಹೆಸರು ಮಾಡಿದವರು. ಕಾಲೇಜಿನಲ್ಲಿ ಏನು ಓದಿದಿರಿ ಎಂದು ಕೇಳಿದರೆ, "ಸೆಂಟರ್ ಫಾರ್ವರ್ಡ್" ಎನ್ನುತ್ತಿದ್ದರು. ಹೊಟ್ಟೆಪಾಡಿಗೆ ಕುವೈತಿನ ಮೀನಾ ಅಬ್ದುಲ್ಲಾದ ತೈಲ ರಿಫೈನರಿಯಲ್ಲಿ ನಮ್ಮ ಕಾಂಟ್ರಾಕ್ಟ್ ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಆದರೆ ಅವರ ಲೆಕ್ಕದಲ್ಲಿ ಅದು ಕೆಲಸವೇ ಅಲ್ಲ. ನಾವೆಲ್ಲ ವಾಸವಿದ್ದ ಮಂಗಫಿನ ಬಿಲ್ಡಿಂಗಿನ ಕೂಲಿಗಳು, ಫಿಟ್ಟರುಗಳು, ಡ್ರೈವರುಗಳನ್ನೆಲ್ಲ ಗುಡ್ಡೆ ಹಾಕಿ ಒಂದು ಟೀಮು ಕಟ್ಟಿದ್ದರಲ್ಲ, ಅದು ಕೆಲಸ!

ಕಾಲೇಜು ದಿನಗಳಲ್ಲಿ ಅವರು ಹೊಡೆದ ಒಂದು ಗೋಲಿತ್ತು. ಮಳೆಯಲ್ಲಿ, ಕೆಸರಿನಲ್ಲಿ, ಎದುರಾಳಿ ಕಾಲೇಜಿನ ಮುಖ ಕಪ್ಪಾಗುವಂತೆ ಹೊಡೆದದ್ದು. ನಾನು ಮೊದಲು ಕೇಳಿದಾಗ ಅದನ್ನು ಗೋಲಿನ ಬುಡದಿಂದ ಹೊಡೆದಿದ್ದರು. ಮುಂದಿನ ವರ್ಷ ಹಾಫ್ ಲೈನಿನಿಂದ. ಇನ್ನಷ್ಟು ವರ್ಷ ಹೇಳಿದ್ದರೆ ಖಂಡಿತ ನೇತ್ರಾವತಿ ಸೇತುವೆಯ ಮೇಲೆ ನಿಂತು ಹೊಡೆಯುತ್ತಿದ್ದರು!

ಅವರ ಪಾಠ ನಡೆಯುತ್ತಿದ್ದದ್ದು ಊಟದ ಹಾಲ್‌ನಲ್ಲಿ. ತಟ್ಟೆಯಷ್ಟಗಲದ ಖುಬೂಸ್ ರೊಟ್ಟಿಯೇ ಮೈದಾನ, ಬೇಯಿಸಿದ ಕಡಲೆಯೇ ಆಟಗಾರರು. ಒಂದು ಕಡಲೆಯನ್ನು ಮುಂದೆ ದೂಡಿ ನನ್ನನ್ನು ಕೇಳುತ್ತಿದ್ದರು:

"ಇದು ನಿಮ್ಮ ಬ್ಯಾಕ್. ಒಬ್ಬನೇ ಮುಂದೆ ಹೋದ. ಈಗ ಎಂತ ಆಗ್ತದೆ?"

"ಗೊತ್ತಿಲ್ಲ ಕೋಚ್."

ಕಡಲೆಯನ್ನೆತ್ತಿ ಬಾಯಿಗೆ ಹಾಕಿಕೊಂಡು, "ಖಲಾಸ್! ಹೀಗೆ ಆಗ್ತದೆ" ಎನ್ನುತ್ತಿದ್ದರು. ಹೀಗೆ ಅವರು ಇಡೀ ಡಿಫೆನ್ಸ್ ತಿಂದು ಮುಗಿಸುವಾಗ ನನ್ನ ಊಟ ತಣ್ಣಗಾಗಿರುತ್ತಿತ್ತು. ನಾನು ಗೋಲ್‌ಕೀಪರ್. "ಓಡಲಿಕ್ಕೆ ಬಾರದವನಿಗೆ ಬೇರೆ ಎಲ್ಲಿ ಜಾಗ ಉಂಟು ಮಾರಾಯ?" ಎಂದು ಅವರೇ ನಿಲ್ಲಿಸಿದ್ದು. ಕಂಪೆನಿಯಲ್ಲಿ ನಾನು ಫೋರ್‌ಮನ್, ನನ್ನ ಕೈಕೆಳಗೆ ಜನ ಇದ್ದರು. ಮೈದಾನದಲ್ಲಿ ಮಾತ್ರ ನಾನೊಂದು ಕಂಬ.

ಇನ್ನು ಆ ರೆಪ್ಪೆಯ ವಿಷಯ. ಶುಕ್ರವಾರ ರಜೆ. ಅಬು ಹಲೀಫಾದ ಮರಳು ಮೈದಾನಕ್ಕೆ ಇಳಿಯುವ ಮೊದಲು ನಾವೆಲ್ಲ ಸಾಲಾಗಿ ನಿಲ್ಲಬೇಕು. ಕೋಚ್ ಒಬ್ಬೊಬ್ಬನ ಹತ್ತಿರ ಬಂದು, ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಎಳೆದು, ದನದ ಡಾಕ್ಟರಂತೆ ಕಣ್ಣೊಳಗೆ ಇಣುಕುವರು. ಶಿಫ್ಟಿನಲ್ಲಿ ದುಡಿಯುವವರು ಆಟದ ಆಸೆಗೆ ನಿದ್ದೆಯ ಬಗ್ಗೆ ಸುಳ್ಳು ಹೇಳುತ್ತಾರೆ, ಈ ಬಿಸಿಲಿನಲ್ಲಿ ನಿದ್ದೆಗೆಟ್ಟು ಓಡಿದವನು ಸಾಯುತ್ತಾನೆ ಎಂದು ಅವರ ವಾದ. ನಾವು ನಗುತ್ತಿದ್ದೆವು.

"ನೀನು ಮಲಗಲಿಲ್ಲ. ಬಾಲ್ ನಿನಗೆ ಎರಡು ಕಾಣ್ತದೆ."

"ಎರಡರಲ್ಲಿ ಒಂದಕ್ಕಾದ್ರೂ ಹೊಡೀತೇನಲ್ಲ ಕೋಚ್!"

"ನೀನು ಹೊಡೆಯುವುದು ಇಲ್ಲದ್ದಕ್ಕೇ. ನಡಿ, ಬಸ್ಸಿನಲ್ಲಿ ಹೋಗಿ ಮಲಗು!"

ಕಣ್ಣು ಕೆಂಪಗಿದ್ದವನಿಗೆ ಆಟ ಇಲ್ಲ. ಅವನು ಎಷ್ಟು ದೊಡ್ಡ ಆಟಗಾರನಾಗಿರಲಿ, ಟೀಮು ಸೋಲಲಿ, ಇಲ್ಲವೆಂದರೆ ಇಲ್ಲ. ಒಮ್ಮೆ ಚರ್ಚಿನ ಅಂಗಳದಲ್ಲಿ ಪಾದ್ರಿಗಳ ರೆಪ್ಪೆಗೂ ಕೈ ಹಾಕಿದ್ದರಂತೆ. ನಾನು ನೋಡಿಲ್ಲ. ಆದರೆ ನಂಬುತ್ತೇನೆ!

ನಗು ಇಲ್ಲಿಗೆ ಸಾಕು.

ಆ ವರ್ಷ ನಮ್ಮ ಟೀಮು ಮೊದಲ ಸಲ ಫೈನಲ್‌ಗೆ ಬಂತು. ಊರಿನವರ ಸಂಘ ನಡೆಸುವ ಟೂರ್ನಮೆಂಟು. ಚಳಿ ಮುಗಿಯುವಾಗ ನಡೆಯಬೇಕಿದ್ದ ಆಟ ಧೂಳಿನ ಬಿರುಗಾಳಿಯಿಂದಾಗಿ ಮುಂದೆ ಹೋಗಿ ಹೋಗಿ ಸುಡು ಬೇಸಗೆಗೆ ಬಿತ್ತು. ಅದೇ ವಾರ ರಿಫೈನರಿಯಲ್ಲಿ ಶಟ್‌ಡೌನ್. ಎಂದರೆ ಒಂದು ಘಟಕವನ್ನೇ ನಿಲ್ಲಿಸಿ ಹಗಲು ರಾತ್ರಿ ರಿಪೇರಿ ಮಾಡುವ ಕಾಲ. ಗುರುವಾರ ರಾತ್ರಿಯಿಂದ ಶುಕ್ರವಾರ ಮಧ್ಯಾಹ್ನದವರೆಗಿನ ಪಾಳಿ ನನ್ನದಾಗಿತ್ತು.

ನನ್ನ ಗ್ಯಾಂಗಿನಲ್ಲಿ ಸುಧಾಕರ ಎಂಬವನಿದ್ದ. ಉಡುಪಿ ಕಡೆಯವನು, ಎತ್ತರದ ಅಟ್ಟ ಕಟ್ಟುವ ಕೆಲಸ. ಮದುವೆಯಾಗಿ ವರ್ಷವಾಗಿರಲಿಲ್ಲ. ನಮ್ಮ ಟೀಮಿನ ಗೋಲುಗಳೆಲ್ಲ ಅವನವೇ. ಗುರುವಾರ ಸಂಜೆ ಅವನನ್ನು ಕರೆದು ಹೇಳಿದೆ:

"ನನ್ನ ಬದಲು ನೀನು ಹೋಗು. ನನಗೆ ಸೊಂಟ ನೋವು."

"ನಾಳೆ ಫೈನಲ್ ಅಲ್ವಾ ಅಣ್ಣ?"

"ಮಧ್ಯಾಹ್ನ ಬಂದು ಒಂದು ಗಳಿಗೆ ಮಲಗಿದ್ರೆ ಆಯ್ತು. ನಿನ್ನದು ಎಳೆ ಪ್ರಾಯ ಮಾರಾಯ!"

ಸೊಂಟಕ್ಕೆ ಏನೂ ಆಗಿರಲಿಲ್ಲ. ಫೈನಲ್ ಆಡಬೇಕು, ಕಪ್ಪು ಹಿಡಿದು ಫೋಟೋಕ್ಕೆ ನಿಲ್ಲಬೇಕು ಎಂಬ ಆಸೆ. ಅದಕ್ಕೆ ನನಗೆ ನಿದ್ದೆ ಬೇಕಿತ್ತು. ಫೋರ್‌ಮನ್ನಿಗೆ ಇಲ್ಲ ಎನ್ನಲು ಅವನಿಗಾಗುತ್ತದೆಯೇ? ಹೋದ.

ಶುಕ್ರವಾರ ಸಂಜೆ ಸಾಲಿನಲ್ಲಿ ನಿಂತೆವು. ಕೋಚ್ ಸುಧಾಕರನ ರೆಪ್ಪೆ ಎಳೆದರು. ಎರಡನೆಯ ಕಣ್ಣನ್ನೂ ನೋಡಿದರು.

"ಕೆಂಪು ಉಂಟಲ್ಲ. ಮಲಗ್ಲಿಲ್ವಾ ನೀನು?"

ಅವನು ನನ್ನ ಮುಖ ನೋಡಿದ. ಪಾಳಿ ಬದಲಿಸಿದ್ದು ಎಂಜಿನಿಯರಿಗೆ ಗೊತ್ತಿರಲಿಲ್ಲ, ಗೊತ್ತಾದರೆ ನನ್ನ ಕೆಲಸಕ್ಕೇ ಕುತ್ತು. ಅದೂ ಅಲ್ಲದೆ, ಅವನಿಲ್ಲದೆ ಗೋಲು ಹೊಡೆಯುವವರು ಯಾರು? ನಾನು ಬಾಯಿ ಹಾಕಿದೆ.

"ಅದು ಧೂಳು ಕೋಚ್. ನನ್ನ ಪಕ್ಕದ ಮಂಚದಲ್ಲೇ ಗೊರಕೆ ಹೊಡೀತಿದ್ದ. ನಾನೇ ನೋಡಿದ್ದೇನೆ."

"ಹೌದಾ ಸುಧಾಕರ?"

"ಹೌದು ಕೋಚ್" ಎಂದು ಅವನು ನಕ್ಕ.

ಕೋಚ್ ಅಷ್ಟು ವರ್ಷಗಳಲ್ಲಿ ರೆಪ್ಪೆಯನ್ನು ಬಿಟ್ಟು ಮನುಷ್ಯನ ಮಾತನ್ನು ನಂಬಿದ್ದು ಅದೊಂದೇ ಸಲ. ಅದು ನನ್ನ ಮಾತು.

ಎರಡನೆಯ ಅರ್ಧದಲ್ಲಿ ಸುಧಾಕರ ಬಾಲಿನ ಹಿಂದೆ ಓಡುತ್ತಿದ್ದವನು ಬಾಲನ್ನು ಬಿಟ್ಟು ಬೇರೆಯೇ ದಿಕ್ಕಿಗೆ ಓಡಿದ. ಜನ ನಕ್ಕರು. ಆಮೇಲೆ ಮೊಣಕಾಲೂರಿ ಮರಳಿಗೆ ಮುಖವಿಟ್ಟ. ಕೋಚ್ ಓಡಿ ಬಂದು ಅವನ ಮೈಮೇಲೆ ನೀರು ಸುರಿದರು, ತಮ್ಮ ಅಂಗಿ ಬಿಚ್ಚಿ ಗಾಳಿ ಹಾಕಿದರು. ಮೈ ಮುಟ್ಟಿದರೆ ಕಾವಲಿ ಮುಟ್ಟಿದ ಹಾಗಿತ್ತು. ಆಸ್ಪತ್ರೆಗೆ ತಲುಪಿಸಿದೆವು. ಹೊರಗೆ ಕೊಂಚ ಹೊತ್ತು ಕಾದೆವು. ಡಾಕ್ಟರು ಹೊರಬಂದು, ಹುಡುಗ ಹೋದ ಎಂದರು.

ಮುಂದಿನ ವಾರ ಹೋಟೆಲೊಂದರ ಮೇಲಿನ ಹಾಲ್‌ನಲ್ಲಿ ಸಂಘದ ಸಭೆ ಸೇರಿತು. ಅಧ್ಯಕ್ಷರು ಕೋಚ್‌ರನ್ನು ನಿಲ್ಲಿಸಿ ಕೇಳಿದರು.

"ನೀವು ಕಣ್ಣು ನೋಡ್ತೀರಂತಲ್ಲ. ಅವತ್ತು ನೋಡಿದ್ರಾ?"

"ನೋಡಿದೆ."

"ಕೆಂಪಾಗಿತ್ತಾ?"

"ಆಗಿತ್ತು."

"ಮತ್ತೆ ಆಡಿಸಿದ್ದು ಯಾಕೆ?"

ಕೋಚ್ ನನ್ನ ಕಡೆ ತಿರುಗಿದರು. ನಾನು ಚಹಾದ ಲೋಟದೊಳಗೆ ಚಮಚ ತಿರುಗಿಸುತ್ತಿದ್ದೆ. ಸಕ್ಕರೆ ಯಾವಾಗಲೋ ಕರಗಿತ್ತು. ತಿರುಗಿಸುತ್ತಲೇ ಇದ್ದೆ.

"ಆಡಿಸಿದೆ" ಎಂದರು ಕೋಚ್. "ತಪ್ಪು ನನ್ನದು."

"ಕಪ್ಪಿನ ಆಸೆಗೆ ಹುಡುಗನನ್ನು ಕೊಂದ್ರಲ್ಲ ಮಾರ್ರೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ನು ಮುಂದೆ ಅವರಿಗೆ ಯಾವ ಟೀಮೂ ಇಲ್ಲ, ಮೈದಾನದೊಳಗೆ ಕಾಲಿಡಬಾರದು ಎಂದು ತೀರ್ಮಾನವಾಯಿತು. "ಒಪ್ಪುವವರು ಕೈ ಎತ್ತಿ" ಎಂದರು ಅಧ್ಯಕ್ಷರು. ನಾನೂ ಎತ್ತಿದೆ.

ಆಮೇಲೆ ಕೋಚ್ ಇದ್ದರು, ಆದರೆ ಕೋಚ್ ಆಗಿರಲಿಲ್ಲ. ಊಟದ ಹಾಲ್‌ನಲ್ಲಿ ಅವರ ಮೇಜಿಗೆ ಯಾರೂ ಹೋಗುತ್ತಿರಲಿಲ್ಲ. ರೊಟ್ಟಿಯನ್ನು ಎಲ್ಲರಂತೆ ಹರಿದು ತಿಂದು ಎದ್ದು ಹೋಗುತ್ತಿದ್ದರು. ಶುಕ್ರವಾರ ನಾವು ಆಟಕ್ಕೆ ಹೊರಡುವಾಗ ಅವರ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಕಂಪೆನಿ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ. ನಾನು ಎಷ್ಟೋ ಸಲ ನಿಂತುಕೊಂಡೇ ಮೀನಾ ಅಬ್ದುಲ್ಲಾ ತಲುಪಿದ್ದೇನೆ, ಅಲ್ಲಿ ಕೂರಲಿಲ್ಲ.

ವರ್ಷಗಳು ಕಳೆದವು. ಮಗಳ ಮದುವೆಗೆಂದು ರಜೆಗೆ ಹೊರಡುವ ಹಿಂದಿನ ದಿನ, ಕೆಲಸ ಮುಗಿದು ಬಸ್ಸಿನಲ್ಲಿ ಕೂತಿದ್ದೆ. ಕೋಚ್ ತಾವೇ ಎದ್ದು ಬಂದು ನನ್ನ ಪಕ್ಕ ಕೂತರು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಮಗಳ ಮದುವೆಯಂತೆ. ಒಳ್ಳೆ ಸಂಬಂಧವಾ?"

"ಹೌದು ಕೋಚ್."

"ಒಳ್ಳೇದಾಗ್ಲಿ."

ಬಸ್ಸು ಒಂದಷ್ಟು ದೂರ ಹೋಯಿತು. ಅವರು ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದರು.

"ಆಟದ ಮರುದಿನ, ಶನಿವಾರ ಬೆಳಿಗ್ಗೆ ಬಾಗಿಲು ತೆಗೆದಾಗ ನಿನ್ನ ಸೇಫ್ಟಿ ಬೆಲ್ಟು ಸ್ಟೋರಿನ ಕೊಕ್ಕೆಯಲ್ಲೇ ನೇತಾಡ್ತಿತ್ತು. ಸುಧಾಕರನದ್ದು ಇರ್ಲಿಲ್ಲ. ಶಟ್‌ಡೌನಿನ ರಾತ್ರಿ ದುಡಿದದ್ದು ನೀನಲ್ಲ, ಅವನು ಅಂತ ಆಗಲೇ ಗೊತ್ತಾಯ್ತು ಮಾರಾಯ."

"ಮತ್ತೆ ಸಭೆಯಲ್ಲಿ..."

"ಹೇಳಿದ್ರೆ ನಿನಗೆ ವೀಸಾ ಕೊಟ್ಟ ಕಫೀಲ್ ಅದನ್ನು ಕ್ಯಾನ್ಸಲ್ ಮಾಡ್ತಿದ್ದ. ಈ ಮಗಳು ಆಗ ಶಾಲೆಗೆ ಹೋಗ್ತಿದ್ಲು. ನನಗೆ ಯಾರಿದ್ದಾರೆ? ಒಂಟಿ ಜೀವ. ನನ್ನದು ಟೀಮು ಹೋಯ್ತು, ಅಷ್ಟೇ."

ಅಷ್ಟೇ ಅಂತೆ! ಮಂಗಫ್ ಬಂತು. ಅವರು ನನ್ನ ಮೊಣಕಾಲ ಮೇಲೆ ಎರಡು ಸಲ ತಟ್ಟಿ ಇಳಿದು ಹೋದರು. ಕರೆಯಬೇಕೆಂದುಕೊಂಡೆ. ಊರಿನಿಂದ ಮರಳಿ ಬಂದ ಮೇಲೆ ಸಮಾಧಾನದಲ್ಲಿ ಹೇಳೋಣ ಎಂದುಕೊಂಡೆ. ಮದುವೆಯ ಸಿಹಿತಿಂಡಿ ಹಿಡಿದುಕೊಂಡು ಮರಳಿದಾಗ ಅವರ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಹೃದಯ ನಿಂತಿತಂತೆ, ನಿದ್ದೆಯಲ್ಲೇ. ಸ್ಟೋರಿನವರು ಸೇರಿ ಶವವನ್ನು ಊರಿಗೆ ಕಳಿಸಿದ್ದರು. ಸಂಘದಿಂದ ಒಬ್ಬರೂ ಹೋಗಿರಲಿಲ್ಲ.

ನಾನು ಅವತ್ತು ಚಮಚ ಕೆಳಗಿಟ್ಟು ಎದ್ದು ನಿಂತು ಹೇಳಬೇಕಿದ್ದ ಮಾತನ್ನು ಈಗ ಇಲ್ಲಿ ಹೇಳುತ್ತಿದ್ದೇನೆ. ಅವರ ಕಣ್ಣು ಸರಿಯಾಗಿಯೇ ನೋಡಿತ್ತು. ಸುಳ್ಳು ಹೇಳಿದವನು ನಾನು. ಅವರ ಹೆಸರು ಸಿಪ್ರಿಯನ್.