ರಾಣಿಯ ಬಯಕೆ ಊಟ

ಎರಡು ಹೆತ್ತವಳು ನಾನು. ಬಸುರಿಯ ಆರೈಕೆಯನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ ಎಂಬ ಧೈರ್ಯವಿತ್ತು. ಆ ಅನುಭವ ಹಂದಿಗೂ ಸಾಕು ಎಂದುಕೊಂಡೆ.

ಸೋಲದೇವನಹಳ್ಳಿಯ ನಮ್ಮ ಮನೆಯ ಹಿಂದಿನ ದೊಡ್ಡಿಯಲ್ಲಿ ನಮ್ಮ ಹೆಣ್ಣು ಹಂದಿ ರಾಣಿ ಇದ್ದಾಳೆ. ಹೋದ ಸಲ ಅವಳಿಗೆ ಗಬ್ಬ ನಿಲ್ಲಲಿಲ್ಲ.

"ಈ ಸಲಾನೂ ಮರಿ ಹಾಕ್ಲಿಲ್ಲ ಅಂದ್ರೆ ಮಾಂಸದಂಗಡಿಗೆ ಕೊಟ್ಬಿಡ್ತೀನಿ ಕಣೆ," ಎಂದರು ಯಜಮಾನರು.

ಹೆಸರು ಹಿಡಿದು ಕೂಗಿದರೆ ಓಡಿ ಬರುವ ಪ್ರಾಣಿ ಅದು. ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ.

ಗಂಡು ಹಂದಿ ಇರುವುದು ಅಬ್ಬಿಗೆರೆಯ ಮೈದುನನ ಮನೆಯಲ್ಲಿ. ಗಂಡಿನ ಮನೆಗೆ ಹೋಗುವವಳು ತೆಳ್ಳಗೆ, ಲಕ್ಷಣವಾಗಿ ಕಾಣಬೇಡವೆ? ಮೊದಲೇ ಅವಳ ಬೂಸವನ್ನು ಅರ್ಧಕ್ಕಿಳಿಸಿದೆ. ಮೈ ತೊಳೆದು ಗೂಡ್ಸ್ ಆಟೋ ಹತ್ತಿಸಿದೆ.

ವಾಪಸು ಬಂದ ದಿನದಿಂದಲೇ ಬಸುರಿಯ ಉಪಚಾರ ಶುರುವಾಯಿತು. ಹೆಸರಘಟ್ಟ ರಸ್ತೆಯ ಛತ್ರದಿಂದ ಬರುವ ಮುಸುರೆಯಲ್ಲಿ ಹೋಳಿಗೆಗಳನ್ನು ಆರಿಸಿ ಅವಳಿಗೇ ಹಾಕಿದೆ.

"ಅಷ್ಟೊಂದ್ ಯಾಕೆ?"

"ಬಯಕೆ ರೀ. ನಿಮಗೆ ಗೊತ್ತಾಗಲ್ಲ."

"ಅವಳು ಕೇಳಿದ್ಲಾ?"

"ಹೋಳಿಗೆ ನೋಡಿದ್ರೆ ಕಿವಿ ಅಲ್ಲಾಡಿಸ್ತಾಳೆ."

"ಗೋಣಿಚೀಲ ನೋಡಿದ್ರೂ ಅಲ್ಲಾಡಿಸ್ತಾಳೆ ಕಣೆ."

ಕೆಲವು ವಾರಕ್ಕೆ ರಾಣಿ ಊಟ ಬಿಟ್ಟು ಗೇಟು ಗುದ್ದತೊಡಗಿದಳು. ಬಸುರಿಯ ಸಂಕಟ ಎಂದು ಪಾಯಸವನ್ನೂ ಸೇರಿಸಿದೆ. ಹೊಟ್ಟೆ ದುಂಡಗಾಯಿತು. ಸಂಪ್ರದಾಯ ಬಿಡಬಾರದೆಂದು ಹಸಿರು ಬಳೆಯೊಂದನ್ನು ಗೇಟಿಗೆ ಕಟ್ಟಿದೆ.

ಪಶುವೈದ್ಯೆ ಬಂದು ಹೊಟ್ಟೆಗೆ ಯಂತ್ರವಿಟ್ಟು ನೋಡಿದರು.

"ಮರಿ ಇಲ್ಲಮ್ಮ."

"ಮತ್ತೆ ಹೊಟ್ಟೆ?"

"ಕೊಬ್ಬು."

ನಾನು ನಡೆದದ್ದೆಲ್ಲ ಒಪ್ಪಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

"ಗಂಡಿನ ಹತ್ರ ಕಳ್ಸೋ ಮುಂಚೆ ಚೆನ್ನಾಗ್ ಹಾಕ್ಬೇಕು, ಆಗ ಅಂಡ ಜಾಸ್ತಿ ಬಿಡುತ್ತೆ. ಬಂದ್ಮೇಲೆ ಕೈ ಬಿಗಿ ಮಾಡ್ಬೇಕು, ಇಲ್ಲಾಂದ್ರೆ ಗಬ್ಬ ನಿಲ್ಲೋದು ಕಷ್ಟ. ನೀವು ಪೂರ್ತಿ ಉಲ್ಟಾ ಮಾಡಿದ್ದೀರ. ಗೇಟ್ ಗುದ್ದಿದ್ದು ಸಂಕಟಕ್ಕಲ್ಲ, ಮತ್ತೆ ಬೆದೆಗೆ ಬಂದು."

ಯಜಮಾನರು ಮಾಂಸದಂಗಡಿಗೆ ಹೇಳಲು ಫೋನ್ ತೆಗೆದರು.

"ಹಂದಿಯಲ್ಲೇನೂ ದೋಷ ಇಲ್ಲ ಸಾರ್," ಎಂದರು ವೈದ್ಯೆ, ನನ್ನ ಕಡೆ ನೋಡದೆ.

ಯಜಮಾನರು ಮಾತ್ರ ನನ್ನ ಕಡೆಯೇ ನೋಡಿದರು. ಫೋನ್ ಜೇಬಿಗೆ ಹೋಯಿತು.

ಮತ್ತೊಮ್ಮೆ ಅಬ್ಬಿಗೆರೆಗೆ ಹೋಗಿ ಬಂದ ರಾಣಿ ಈಗ ನಿಜವಾಗಿ ಗಬ್ಬ. ಬೂಸ ಅಳೆದು ಹಾಕುವವರು ಯಜಮಾನರು. ಎರಡು ಹೆತ್ತ ಅನುಭವಸ್ಥೆಗೆ ಉಳಿದಿರುವುದು ನೀರು ಹಾಕುವ ಕೆಲಸ. ಅದೂ ಅವರು ಬಕೆಟ್ಟಿಗೆ ಬೆರಳದ್ದಿ, ನೆಕ್ಕಿ, ನೀರೇ ಹೌದು ಎಂದು ಖಾತ್ರಿ ಮಾಡಿಕೊಂಡ ಮೇಲೆ.